ಹೇಳಿದ ಮಾತ್ರಕ್ಕೆ ರನ್‌ವೇ ನಿಮ್ಮದಾಗುವುದಿಲ್ಲ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ವಿಮಾನ ಹಾರಿಸಲು ಕಲಿಯುತ್ತಿರುವ, ಕಲಿತು ಲೈಸೆನ್ಸ್ ಪಡೆದಿರುವ ಕನ್ನಡಿಗ ಗೆಳೆಯ ಗೆಳತಿಯರಿಗೆ,



ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು ಶನಿವಾರ ಬೆಳಿಗ್ಗೆ ಪಾಲೊ ಆಲ್ಟೊದಲ್ಲೋ ರೀಡ್-ಹಿಲ್‌ವ್ಯೂನಲ್ಲೋ ಸೆಸ್ನಾ ಬಾಡಿಗೆಗೆ ಹಿಡಿಯುವ ನಿಮ್ಮಂಥವರನ್ನು ಕಂಡರೆ ನನಗೆ ಖುಷಿ. ಬಲಗಡೆ ಸೀಟಿನಲ್ಲಿ ಕೂತು ಕಲಿಸುವ ಕೆಲಸ ನನ್ನದು. ಹಾರುತ್ತ ಹೇಳಿದ ಮಾತಿನಲ್ಲಿ ಅರ್ಧ ಎಂಜಿನ್ನಿನ ಸದ್ದಿಗೆ ಹೋಗುತ್ತದೆ, ಇನ್ನರ್ಧ ರೇಡಿಯೋದ ಗಲಾಟೆಗೆ. ಅದಕ್ಕೇ ಈ ಕಾಗದ. ವಿಷಯ ಒಂದೇ: ಟವರ್ ಇಲ್ಲದ ಕಡೆ ಇಳಿಯುವಾಗ ಇನ್ನೊಂದು ವಿಮಾನದ ದಾರಿಗೆ ಬೀಳದಿರುವುದು.

ನೀವು ಕಲಿಯುವ ಆ ಎರಡೂ ಕಡೆ ಟವರ್ ಇದೆ. ಮೇಲೆ ಗಾಜಿನ ಕೋಣೆಯಲ್ಲಿ ಕೂತ ಕಂಟ್ರೋಲರ್ ನಿಮ್ಮನ್ನು ಸಾಲಿನಲ್ಲಿ ನಿಲ್ಲಿಸುತ್ತಾರೆ. ನೀವು ಎರಡನೆಯವರು, ಮುಂದೆ ಹೋಗುತ್ತಿರುವ ಪೈಪರಿನ ಹಿಂದೆ ಬನ್ನಿ, ಈಗ ಇಳಿಯಬಹುದು ಎನ್ನುತ್ತಾರೆ. ತಿಂಗಳುಗಟ್ಟಲೆ ಕೇಳಿ ನಿಮ್ಮ ಕಿವಿ ಆ ದನಿಗೆ ಒಗ್ಗಿಹೋಗಿರುತ್ತದೆ. ಆಮೇಲೊಂದು ದಿನ ಬೆಟ್ಟ ದಾಟಿ ವಾಟ್ಸನ್‌ವಿಲ್‌ಗೆ ಹೋಗುತ್ತೀರಿ. ಇಲ್ಲವೇ ಸ್ಯಾನ್ ಮಾರ್ಟಿನ್‌ಗೆ, ಹಾಲಿಸ್ಟರ್‌ಗೆ, ಕಡಲಂಚಿನ ಹಾಫ್ ಮೂನ್ ಬೇಗೆ. ಅಲ್ಲಿ ಟವರ್ ಇಲ್ಲ. ಇದೇನೂ ಅಪರೂಪವಲ್ಲ. ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನ ನಿಲ್ದಾಣಗಳು ಸುಮಾರು 5,000 ಇದ್ದರೆ, ಟವರ್ ಇರುವವು ಐನೂರು ಚಿಲ್ಲರೆ. ಆ ಐನೂರರಲ್ಲೂ ಎಷ್ಟೋ ಟವರ್‌ಗಳು ರಾತ್ರಿ ಬಾಗಿಲು ಹಾಕುತ್ತವೆ. ಆ ಮೇಲೆ ಅವೂ ಟವರ್ ಇಲ್ಲದವುಗಳ ಸಾಲಿಗೇ.

ಇಂಥ ಕಡೆ ಬರುವವರು ಹೋಗುವವರೆಲ್ಲ ಒಂದೇ ಫ್ರೀಕ್ವೆನ್ಸಿಯಲ್ಲಿ ತಾವು ಎಲ್ಲಿದ್ದೇವೆ, ಏನು ಮಾಡಲಿದ್ದೇವೆ ಎಂದು ತಾವಾಗಿಯೇ ಹೇಳಿಕೊಳ್ಳುತ್ತಾರೆ. ಹತ್ತು ಮೈಲಿ ಇರುವಾಗಲೇ ಶುರುಮಾಡಿ ಎಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಹೇಳುತ್ತದೆ. ಉತ್ತರ ಬರಲೇಬೇಕೆಂದಿಲ್ಲ. ತೊಂದರೆ ಶುರುವಾಗುವುದು ಇಲ್ಲಿಂದಲೇ. ಟವರಿಗೆ ಒಗ್ಗಿದ ಕಿವಿ ಮೌನವನ್ನೂ ಒಪ್ಪಿಗೆ ಅಂತಲೇ ಕೇಳಿಸಿಕೊಳ್ಳುತ್ತದೆ. ‘ಹೇಳಿದೆ, ಯಾರೂ ಬೇಡ ಅನ್ನಲಿಲ್ಲ, ಹಾಗಾದರೆ ಸರಿ’ ಎಂದು ಮನಸ್ಸು ಲೆಕ್ಕ ಮುಗಿಸಿಬಿಡುತ್ತದೆ. ಆಗುಂಬೆಯ ತಿರುವಿನಲ್ಲಿ ಹಾರ್ನ್ ಬಾರಿಸಿ, ಬಾರಿಸಿದ್ದೇ ಸಾಕೆಂದು ನುಗ್ಗುವ ಡ್ರೈವರುಗಳನ್ನು ನೀವು ನೋಡಿಯೇ ಇದ್ದೀರಿ. ಹಾರ್ನು ನೀವು ಬರುತ್ತಿರುವುದನ್ನು ಸಾರುತ್ತದೆಯೇ ಹೊರತು ಎದುರಿನ ಬಸ್ಸನ್ನು ಪಕ್ಕಕ್ಕೆ ಸರಿಸುವುದಿಲ್ಲ.

ವಾಟ್ಸನ್‌ವಿಲ್‌ನಲ್ಲಿ 2022ರ ಆಗಸ್ಟ್ 18ರಂದು ಏನಾಯಿತು ನೋಡಿ. ಗುರುವಾರ, ಮಧ್ಯಾಹ್ನ ಮೂರಕ್ಕೆ ಇನ್ನೇನು ಕೆಲವೇ ನಿಮಿಷ. ಒಂದು ಸೆಸ್ನಾ 152, ಅಂದರೆ ಒಂದೇ ಎಂಜಿನ್ನಿನ, ಎರಡೇ ಸೀಟಿನ ಪುಟ್ಟ ವಿಮಾನ, ರನ್‌ವೇ 20ರ ನಿಗದಿತ ಸುತ್ತುದಾರಿಯಲ್ಲಿ, ಅಂದರೆ ಪ್ಯಾಟರ್ನ್‌ನಲ್ಲಿ, ಸುತ್ತುತ್ತ ಇಳಿದು ಏರುವ ಅಭ್ಯಾಸದಲ್ಲಿತ್ತು. ಒಳಗೆ ಪೈಲಟ್ ಒಬ್ಬರೇ. ಅದೇ ಹೊತ್ತಿಗೆ ಎರಡು ಎಂಜಿನ್ನಿನ ಸೆಸ್ನಾ 340 ಒಂದು, ಇಬ್ಬರನ್ನೂ ಒಂದು ನಾಯಿಯನ್ನೂ ಹೊತ್ತು ಬರುತ್ತಿತ್ತು. ಹತ್ತು ಮೈಲಿ ದೂರದಲ್ಲಿದ್ದಾಗ ಅದರ ಪೈಲಟ್ ತಾನು ನೇರವಾಗಿ ರನ್‌ವೇ 20ಕ್ಕೆ ಬರುತ್ತಿರುವುದಾಗಿ ರೇಡಿಯೋದಲ್ಲಿ ಹೇಳಿದರು. ಮೂರು ಮೈಲಿ ಇರುವಾಗ ಮತ್ತೆ ಹೇಳಿದರು. ಚಿಕ್ಕ ವಿಮಾನದವರು ಎಡ ಬೇಸ್‌ಗೆ, ಅಂದರೆ ರನ್‌ವೇಗೆ ಅಡ್ಡಲಾಗಿ ಬರುವ ದಾರಿಗೆ, ತಿರುಗುತ್ತ ಅದನ್ನು ಹೇಳಿದರು. ಒಂದು ಮೈಲಿ ಇರುವಾಗ ದೊಡ್ಡ ವಿಮಾನದವರು ಬೇಸ್‌ನಲ್ಲಿರುವ ವಿಮಾನಕ್ಕಾಗಿ ಹುಡುಕುತ್ತಿದ್ದೇನೆ ಎಂದರು. ನೀವು ತುಂಬ ವೇಗವಾಗಿ ನನ್ನ ಮೇಲೇ ಬರುತ್ತಿದ್ದೀರಿ, ನಾನು ಗೋ-ಅರೌಂಡ್ ಮಾಡುತ್ತೇನೆ, ಇಳಿಯದೆ ಮತ್ತೆ ಏರುತ್ತೇನೆ ಎಂಬರ್ಥದಲ್ಲಿ ಚಿಕ್ಕ ವಿಮಾನದಿಂದ ಮಾತು ಬಂತು. ಕೆಲವೇ ಸೆಕೆಂಡಿನಲ್ಲಿ, ರನ್‌ವೇಗೆ ಒಂದು ಮೈಲಿಯೊಳಗೆ, ನೆಲಕ್ಕೆ ತೀರ ಹತ್ತಿರದಲ್ಲಿ ಎರಡೂ ಡಿಕ್ಕಿ ಹೊಡೆದವು. ಮೂವರೂ ಸತ್ತರು, ನಾಯಿಯೂ ಸತ್ತಿತು.

ಈ ಕಥೆಯಲ್ಲಿ ಮಾತಾಡದವರು ಯಾರೂ ಇಲ್ಲ. ಕೇಳಿಸಿಕೊಳ್ಳದವರೂ ಇಲ್ಲ. ನೇರವಾಗಿ ಬರುವಾಗ ದೊಡ್ಡ ವಿಮಾನದ ಪೈಲಟ್ ಚಿಕ್ಕದನ್ನು ಕಂಡು ತಪ್ಪಿಸದೇ ಹೋದದ್ದೇ ಕಾರಣ ಎಂದು ತನಿಖೆ ನಡೆಸಿದ ಸಂಸ್ಥೆ ಎನ್‌ಟಿಎಸ್‌ಬಿ ಹೇಳಿತು. ಜತೆಗೆ ಆ ದೊಡ್ಡ ವಿಮಾನದ ವೇಗ ಸುಮಾರು 180 ನಾಟ್ ಇತ್ತು. ಇಳಿಯಲಿರುವ ವಿಮಾನಕ್ಕೆ ಅದು ವಿಪರೀತ.

ಆ ಸಂಖ್ಯೆಯನ್ನು ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. 180 ನಾಟ್ ಎಂದರೆ ನಿಮಿಷಕ್ಕೆ ಮೂರು ನಾಟಿಕಲ್ ಮೈಲಿ. ಅಂದರೆ ‘ಮೂರು ಮೈಲಿ ದೂರದಲ್ಲಿದ್ದೇನೆ’ ಎಂದವರು ಇನ್ನೊಂದೇ ನಿಮಿಷದಲ್ಲಿ ರನ್‌ವೇ ಮೇಲಿರುತ್ತಾರೆ. ಅದೇ ಮಾತು 152ರ ಪೈಲಟಿಗೆ ಹೇಗೆ ಕೇಳಿಸುತ್ತದೆ? ಅವರ ಸ್ವಂತ ವಿಮಾನ ಫೈನಲ್‌ನಲ್ಲಿ, ಅಂದರೆ ರನ್‌ವೇಯ ನೇರಕ್ಕೆ ತಿರುಗಿದ ಮೇಲೆ, ಬರುವುದು ಅರವತ್ತು ನಾಟ್ ಆಸುಪಾಸಿನಲ್ಲಿ. ಅವರ ಅನುಭವದಲ್ಲಿ ಮೂರು ಮೈಲಿ ಎಂದರೆ ಮೂರು ನಿಮಿಷ: ಬೇಸ್ ತಿರುಗಿ, ಫೈನಲ್ ತಿರುಗಿ, ಇಳಿದು, ಪಕ್ಕದ ಟ್ಯಾಕ್ಸಿವೇಗೆ ಸರಿಯಲು ಸಾಕಾಗುವಷ್ಟು ಹೊತ್ತು. ಒಬ್ಬರು ಹೇಳಿದ್ದು ದೂರ, ಇನ್ನೊಬ್ಬರಿಗೆ ಬೇಕಾದದ್ದು ಸಮಯ. ಇಬ್ಬರ ಮಾತೂ ನಿಜ; ನಡುವೆ ಎರಡು ನಿಮಿಷ ಮಾಯ. ಅದಕ್ಕೇ ನಾನು ಕಲಿಸುವಾಗ ಪುಸ್ತಕದಲ್ಲಿಲ್ಲದ ಒಂದು ಮಾತು ಸೇರಿಸುತ್ತೇನೆ. ನಿಮ್ಮದು ವೇಗದ ವಿಮಾನವಾದರೆ ಎಷ್ಟು ಮೈಲಿ ಎನ್ನುವುದರ ಜತೆಗೆ ಎಷ್ಟು ನಿಮಿಷ ಎಂದೂ ಹೇಳಿ. ನಿಮ್ಮದು ನಿಧಾನದ್ದಾದರೆ, ಯಾರಾದರೂ ದೂರ ಹೇಳಿದಾಗ ಅದು ಯಾವ ವಿಮಾನ ಎಂದು ಕೇಳಿ. ಕೇಳುವುದಕ್ಕೆ ಸಂಕೋಚಪಡಬೇಡಿ. ನಮ್ಮವರಿಗೆ ರೇಡಿಯೋದಲ್ಲಿ ಇಂಗ್ಲಿಷ್ ಮಾತಾಡುವಾಗ ಇನ್ನೊಬ್ಬರ ಹೊತ್ತು ತಿನ್ನುತ್ತಿದ್ದೇವೆ ಎಂಬ ಅಳುಕು ಸ್ವಲ್ಪ ಜಾಸ್ತಿ.

ಕಣ್ಣಿಗೆ ಬಿದ್ದ ಮೇಲಾದರೂ ತಪ್ಪಿಸಿಕೊಳ್ಳಬಹುದಲ್ಲ ಎನ್ನುತ್ತೀರಿ. ಎಫ್‌ಎಎ ತನ್ನ ಮಾರ್ಗಸೂಚಿಯಲ್ಲಿ ಬಹಳ ಹಿಂದಿನಿಂದ ಒಂದು ಪಟ್ಟಿ ಕೊಡುತ್ತ ಬಂದಿದೆ. ಏನೋ ಒಂದು ಕಣ್ಣಿಗೆ ಬಿದ್ದು, ಅದು ವಿಮಾನವೆಂದು ಗೊತ್ತಾಗಿ, ನಮ್ಮ ಮೇಲೇ ಬರುತ್ತಿದೆ ಎಂದು ಅರಿವಾಗಿ, ಎತ್ತ ತಿರುಗುವುದೆಂದು ನಿರ್ಧರಿಸಿ, ಕೈಕಾಲು ಆಡಿಸಿ, ವಿಮಾನ ಕೊನೆಗೆ ತಿರುಗಲು ಒಟ್ಟು 12.5 ಸೆಕೆಂಡು. ಇದರಲ್ಲಿ ಐದು ಸೆಕೆಂಡು ‘ಇದು ನಮ್ಮ ಮೇಲೇ ಬರುತ್ತಿದೆ’ ಎಂದು ಅರಿಯುವುದಕ್ಕೇ ಹೋಗುತ್ತದೆ. ಅದಕ್ಕೆ ಕಾರಣವಿದೆ. ಡಿಕ್ಕಿಯ ದಾರಿಯಲ್ಲಿರುವ ವಿಮಾನ ನಿಮ್ಮ ಗಾಜಿನ ಮೇಲೆ ಅತ್ತಿತ್ತ ಸರಿಯುವುದಿಲ್ಲ. ಒಂದೇ ಜಾಗದಲ್ಲಿ ಚುಕ್ಕೆಯಾಗಿ ನಿಂತಿರುತ್ತದೆ, ಕೊನೆಯಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ಓಡಾಡುವ ವಸ್ತುವನ್ನು ಹಿಡಿಯಲು ಪಳಗಿದ ಕಣ್ಣಿಗೆ ನಿಂತ ಚುಕ್ಕೆ ಕಾಣುವುದೇ ಕಷ್ಟ. ಸಾಲದ್ದಕ್ಕೆ 152ರ ರೆಕ್ಕೆ ತಲೆಯ ಮೇಲಿದೆ, ಮೇಲಿನಿಂದ ಬರುವುದನ್ನು ಅದು ಮರೆಮಾಡುತ್ತದೆ. 340ರ ರೆಕ್ಕೆ ಕಾಲಡಿಯಲ್ಲಿ, ಕೆಳಗಿರುವುದನ್ನು ಅದು ಮರೆಮಾಡುತ್ತದೆ. ಇಂಥ ಎರಡು ವಿಮಾನ ಒಂದರ ಮೇಲೊಂದು ಇಳಿಯುತ್ತ ಬಂದರೆ ಇಬ್ಬರಿಗೂ ಇನ್ನೊಬ್ಬರು ಇಲ್ಲವೇ ಇಲ್ಲ.

ಹಾಗಾದರೆ ಕಾನೂನು ಯಾರ ಕಡೆ? ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ ಇದು. ಫೈನಲ್‌ನಲ್ಲಿರುವ ವಿಮಾನಕ್ಕೆ ಉಳಿದವರು ದಾರಿ ಬಿಡಬೇಕು. ಇಬ್ಬರೂ ಇಳಿಯಲು ಬರುತ್ತಿದ್ದರೆ ಕೆಳಗಿರುವವರಿಗೆ ಮೊದಲ ಹಕ್ಕು; ಆದರೆ ಆ ಹಕ್ಕನ್ನು ಬಳಸಿಕೊಂಡು ಫೈನಲ್‌ನಲ್ಲಿರುವವರ ಮುಂದೆ ನುಗ್ಗುವುದಾಗಲಿ, ಅವರನ್ನು ಹಿಂದೆ ಹಾಕುವುದಾಗಲಿ ಕೂಡದು. ನಿಯಮ ಇಷ್ಟೇ. ಫೈನಲ್ ಎಷ್ಟು ಮೈಲಿಯಿಂದ ಶುರುವಾಗುತ್ತದೆ ಎಂದು ಅದು ಹೇಳುವುದಿಲ್ಲ. ಹತ್ತು ಮೈಲಿಯಲ್ಲಿ ನಿಂತು ‘ನಾನು ಫೈನಲ್’ ಎಂದರೆ ಹಕ್ಕು ಬಂತೆ? ಈ ವಾದ ಕ್ಲಬ್ಬಿನ ಕಾಫಿ ಮೇಜಿನ ಮೇಲೆ ಎಷ್ಟು ಹೊತ್ತು ಬೇಕಾದರೂ ನಡೆಯಲಿ. ಆಕಾಶದಲ್ಲಿ ಮಾತ್ರ ಆ ಪ್ರಶ್ನೆಯನ್ನು ತಲೆಯಿಂದ ತೆಗೆದುಹಾಕಿ. ಹಕ್ಕು ನನ್ನದು ಎಂದುಕೊಂಡ ಗಳಿಗೆಯಿಂದ ಕಣ್ಣು ಹುಡುಕುವುದನ್ನು ನಿಲ್ಲಿಸುತ್ತದೆ.

ಮಾತು ಸಾಲದೇ ಹೋದದ್ದು ವಾಟ್ಸನ್‌ವಿಲ್‌ನ ಕಥೆಯಾದರೆ, ಮಾತೇ ದಾರಿ ತಪ್ಪಿಸಿದ ಕಥೆ ಇನ್ನೊಂದಿದೆ. 1996ರ ನವೆಂಬರ್ 12 ನಮ್ಮಲ್ಲಿ ಹಲವರಿಗೆ ನೆನಪಿರುತ್ತದೆ. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿ ಹೊಡೆದು 349 ಜನ ಸತ್ತರು. ಅಲ್ಲಿ ಕಂಟ್ರೋಲರ್ ಇದ್ದರು; ನಾನು ಹೇಳಹೊರಟ ಕಥೆ ಅದಲ್ಲ. ಸರಿಯಾಗಿ ಒಂದು ವಾರದ ಮೇಲೆ, ನವೆಂಬರ್ 19ರಂದು, ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿ ಎಂಬ ಊರಿನಲ್ಲಿ ನಡೆದದ್ದು ನಮ್ಮ ಪತ್ರಿಕೆಗಳ ಮೂಲೆಯಲ್ಲಾದರೂ ಬಂದಿತ್ತೋ ಇಲ್ಲವೋ. ಅಲ್ಲಿ ಟವರ್ ಇರಲಿಲ್ಲ.

ಸಂಜೆ ಐದು, ಮಬ್ಬುಗತ್ತಲು. ಹತ್ತು ಪ್ರಯಾಣಿಕರು, ಇಬ್ಬರು ಪೈಲಟ್‌ಗಳಿದ್ದ ಯುನೈಟೆಡ್ ಎಕ್ಸ್‌ಪ್ರೆಸ್‌ನ ಬೀಚ್‌ಕ್ರಾಫ್ಟ್ 1900 ವಿಮಾನ ರನ್‌ವೇ 13ಕ್ಕೆ ನೇರವಾಗಿ ಬರುತ್ತಿತ್ತು. ಅದನ್ನು ಅಡ್ಡ ಹಾಯುವ ರನ್‌ವೇ 4ರ ಮೇಲೆ ಕಿಂಗ್ ಏರ್ ವಿಮಾನವೊಂದು ಹೊರಡಲು ನಿಂತಿತ್ತು, ಒಳಗೆ ಇಬ್ಬರು. ಅದರ ಹಿಂದೆ ತನ್ನ ಸರದಿಗೆ ಕಾಯುತ್ತ ಒಂದು ಪುಟ್ಟ ಚೆರೋಕಿ. ಬರುತ್ತಿದ್ದ ವಿಮಾನದ ಕ್ಯಾಪ್ಟನ್ ಬಹಳ ಸರಿಯಾದ ಕೆಲಸ ಮಾಡಿದರು: ರನ್‌ವೇ 4ರಲ್ಲಿರುವವರೇ, ನೀವು ನಿಲ್ಲುತ್ತೀರೋ ಹೊರಡುತ್ತೀರೋ ಎಂದು ಕೇಳಿದರು. ಕಿಂಗ್ ಏರ್‌ನಿಂದ ಉತ್ತರವಿಲ್ಲ. ಉತ್ತರ ಕೊಟ್ಟದ್ದು ಹಿಂದಿದ್ದ ಚೆರೋಕಿ. ರನ್‌ವೇ 4ರಲ್ಲಿ ಹೊರಡಲು ಕಾಯುತ್ತಿದ್ದೇನೆ ಎಂದ ಅದರ ಪೈಲಟ್, ತಾನು ಕಿಂಗ್ ಏರ್‌ನ ಹಿಂದಿರುವುದಾಗಿ ಹೇಳುವ ಹೊತ್ತಿಗೆ ಇಳಿಯುತ್ತಿದ್ದ ವಿಮಾನದ ಕಾಕ್‌ಪಿಟ್‌ನಲ್ಲಿ ‘ಇನ್ನೂರು ಅಡಿ’ ಎಂದು ಎತ್ತರ ಸಾರುವ ಯಂತ್ರದ ದನಿ ಕೂಗಿತು. ಮಾತಿನ ಆ ಕೊನೆಯ ತುಂಡು ಪೈಲಟ್‌ಗಳ ಕಿವಿಗೆ ಬೀಳಲಿಲ್ಲ. ಅವರು ಕೇಳಿಸಿಕೊಂಡದ್ದು: ರನ್‌ವೇ 4ರಲ್ಲಿರುವವರು ನಿಂತಿದ್ದಾರೆ. ಅವರು ಬಂದು ಇಳಿದರು. ಕಿಂಗ್ ಏರ್ ಓಡತೊಡಗಿತ್ತು. ರನ್‌ವೇಗಳು ಕೂಡುವಲ್ಲಿ ಎರಡೂ ಗುದ್ದಿಕೊಂಡವು.

ಮುಂದಿನದ್ದು ಇನ್ನೂ ಕಠೋರ. ದೊಡ್ಡ ವಿಮಾನದಲ್ಲಿದ್ದವರು ಡಿಕ್ಕಿಯ ಪೆಟ್ಟಿಗೆ ಸಾಯಲಿಲ್ಲ. ಹತ್ತಿರದಲ್ಲಿದ್ದವರು ಓಡಿಹೋಗಿ ಬಾಗಿಲು ತೆಗೆಯಲು ಹೆಣಗಿದರು, ಬಾಗಿಲು ಬರಲಿಲ್ಲ. ಆ ಹೊತ್ತಿಗೆ ನಿಲ್ದಾಣದಲ್ಲಿ ಅಗ್ನಿಶಾಮಕದವರೂ ಇರಲಿಲ್ಲ. ಹೊಗೆಗೆ ಸಿಕ್ಕಿ ಹನ್ನೆರಡೂ ಜನ ಸತ್ತರು. ಕಿಂಗ್ ಏರ್‌ನ ಇಬ್ಬರೂ ಸೇರಿ ಒಟ್ಟು 14. ಕಿಂಗ್ ಏರ್‌ನವರು ರೇಡಿಯೋಗೆ ಸರಿಯಾಗಿ ಕಿವಿಗೊಡದೆ ಅಥವಾ ಸರಿಯಾಗಿ ಸುತ್ತ ನೋಡದೆ ಹೊರಟದ್ದು ಮುಖ್ಯ ಕಾರಣವೆಂದು ತನಿಖೆಯ ತೀರ್ಮಾನ. ಚೆರೋಕಿಯ ತುಂಡಾದ ಮಾತನ್ನೂ ಅದು ಕಾರಣಗಳ ಸಾಲಿಗೆ ಸೇರಿಸಿತು. ಇದರಿಂದ ನಾನು ತೆಗೆದುಕೊಂಡ ಪಾಠ: ನಿಮ್ಮನ್ನು ಉದ್ದೇಶಿಸದ ಪ್ರಶ್ನೆಗೆ ಉತ್ತರ ಕೊಡಬೇಡಿ. ಕೊಡಲೇಬೇಕಾದರೆ ‘ಅದು ನಾನಲ್ಲ’ ಎಂಬುದನ್ನು ಮೊದಲು ಹೇಳಿ, ಉಳಿದದ್ದು ಆಮೇಲೆ. ಪ್ರಶ್ನೆ ಕೇಳಿದವರು ನೀವಾದರೆ, ಉತ್ತರ ಯಾರಿಂದ ಬಂತು ಎಂದು ಗೊತ್ತಾಗುವವರೆಗೆ ಅದನ್ನು ಉತ್ತರವೆಂದು ಎಣಿಸಬೇಡಿ.

ಇಷ್ಟೆಲ್ಲ ಕೇಳಿ ರೇಡಿಯೋ ಬೇಡವೆಂದುಕೊಳ್ಳಬೇಡಿ. ಮಾತಾಡಿ, ಆದರೆ ಉಪಯೋಗಕ್ಕೆ ಬರುವಂತೆ ಮಾತಾಡಿ. ವಾಟ್ಸನ್‌ವಿಲ್ ಎಂದು ಶುರುವಿನಲ್ಲೂ ಕೊನೆಯಲ್ಲೂ ಹೇಳಿ. ಒಂದೇ ಫ್ರೀಕ್ವೆನ್ಸಿಯನ್ನು ಹಲವು ಊರುಗಳು ಹಂಚಿಕೊಂಡಿರುತ್ತವೆ, ಮೇಲೆ ಹಾರುವಾಗ ದೂರದ ಊರಿನ ಮಾತೂ ಕಿವಿಗೆ ಬೀಳುತ್ತದೆ. ವಿಮಾನದ ನೋಂದಣಿ ಸಂಖ್ಯೆ ಹೇಳುತ್ತೀರಿ, ಸರಿ, ಅದನ್ನು ಗಾಳಿಯಲ್ಲಿ ಓದುವವರು ಯಾರು? ಬಿಳಿ-ಕೆಂಪು ಸೆಸ್ನಾ ಎಂದು ಸೇರಿಸಿದರೆ ಹುಡುಕುವವರಿಗೆ ಒಂದು ಗುರುತಾದರೂ ಸಿಗುತ್ತದೆ. ಇನ್‌ಸ್ಟ್ರುಮೆಂಟ್ ಅಪ್ರೋಚ್ ಅಭ್ಯಾಸ ಮಾಡುವವರು ನಕ್ಷೆಯಲ್ಲಿನ ಐದಕ್ಷರದ ಬಿಂದುಗಳ ಹೆಸರು ಹೇಳಿ ಸುಮ್ಮನಾಗುತ್ತಾರೆ. ಮೊದಲ ಸೋಲೋ ಹಾರುತ್ತಿರುವ ಹುಡುಗಿಗೆ ಆ ಹೆಸರುಗಳು ಗೊತ್ತಿರುವುದಿಲ್ಲ. ಯಾವ ದಿಕ್ಕಿನಲ್ಲಿ ಎಷ್ಟು ಮೈಲಿ ಎಂದು ಹೇಳಿ. ಇನ್ನು ‘ಈ ಭಾಗದಲ್ಲಿರುವ ವಿಮಾನಗಳೆಲ್ಲ ದಯವಿಟ್ಟು ತಿಳಿಸಿ’ ಎನ್ನುವ ಚಾಳಿ. ಎಫ್‌ಎಎ ಅದನ್ನು ಬೇಡವೆಂದು ಸ್ಪಷ್ಟವಾಗಿ ಹೇಳಿದ್ದರೂ ಅದು ಸಾಯುತ್ತಿಲ್ಲ. ಕೇಳಿದ ತಕ್ಷಣ ನಾಲ್ಕು ಜನ ಒಟ್ಟಿಗೆ ಮಾತಾಡಿ ಕಿರ್ರೆನ್ನುವ ಸದ್ದು ಬಿಟ್ಟು ಬೇರೇನೂ ಬರುವುದಿಲ್ಲ. ಮುಂಚೆ ಹದಿನೈದು ಮೈಲಿಯಿಂದಲೇ ಸುಮ್ಮನೆ ಕಿವಿಗೊಟ್ಟಿದ್ದರೆ ಅದೆಲ್ಲ ತಾನಾಗಿ ತಿಳಿಯುತ್ತಿತ್ತು.

ಮಾತೇ ಇಲ್ಲದವರೂ ಇರುತ್ತಾರೆ ಎಂಬುದನ್ನು ಮರೆಯಬೇಡಿ. ಹಳೆಯ ಪೈಪರ್ ಕಬ್‌ನಂಥ, ವಿದ್ಯುತ್ ವ್ಯವಸ್ಥೆಯೇ ಇಲ್ಲದ ವಿಮಾನಗಳು ರೇಡಿಯೋ ಇಲ್ಲದೆ ಇಂಥ ನಿಲ್ದಾಣಗಳಲ್ಲಿ ಕಾನೂನುಬದ್ಧವಾಗಿಯೇ ಹಾರುತ್ತವೆ. ನಿಮ್ಮ ಐಪ್ಯಾಡ್ ಪರದೆಯ ಮೇಲೂ ಅವು ಕಾಣದಿರಬಹುದು. ವಿಮಾನಗಳು ತಮ್ಮ ಸ್ಥಾನವನ್ನು ತಾವೇ ಪ್ರಸಾರ ಮಾಡುವ ಎಡಿಎಸ್-ಬಿ 2020ರ ಜನವರಿ 1ರಿಂದ ಕಡ್ಡಾಯವಾದದ್ದು ದೊಡ್ಡ ನಿಲ್ದಾಣಗಳ ಸುತ್ತಲಿನ, ಮತ್ತು ಮೇಲಿನ, ಕೆಲವು ವಾಯುಪ್ರದೇಶಗಳಲ್ಲಿ ಮಾತ್ರ. ಸಾಫ್ಟ್‌ವೇರ್ ಮಂದಿಗೆ ಪರದೆಯ ಮೇಲಿನ ನಂಬಿಕೆ ಎಷ್ಟೆಂದು ನನಗೆ ಗೊತ್ತು. ಹತ್ತು ಮೈಲಿ ಇರುವಾಗ ಅದನ್ನು ನೋಡಿ, ಯಾರು ಎಲ್ಲಿದ್ದಾರೆಂದು ಒಂದು ಚಿತ್ರ ಕಟ್ಟಿಕೊಳ್ಳಿ. ಪ್ಯಾಟರ್ನ್ ಸೇರಿದ ಮೇಲೆ ಕಣ್ಣು ಹೊರಗೆ.

ಮಾತಿಗಿಂತ ನಂಬಿಕೆಯ ಭಾಷೆ ಪ್ಯಾಟರ್ನೇ. ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಹೋಗುವ ಡೌನ್‌ವಿಂಡ್, ಅಡ್ಡ ತಿರುಗುವ ಬೇಸ್, ರನ್‌ವೇ ನೇರಕ್ಕೆ ಬರುವ ಫೈನಲ್. ನೆಲದಿಂದ ಸುಮಾರು 1,000 ಅಡಿ ಎತ್ತರ. ಬೇರೆ ಸೂಚನೆ ಇಲ್ಲದಿದ್ದರೆ ಎಲ್ಲ ತಿರುವೂ ಎಡಕ್ಕೆ. ಡೌನ್‌ವಿಂಡ್‌ನ ನಡುಭಾಗಕ್ಕೆ 45 ಡಿಗ್ರಿ ಓರೆಯಲ್ಲಿ, ಆಗಲೇ ಆ ಎತ್ತರಕ್ಕೆ ಇಳಿದು ಬಂದು ಸೇರಬೇಕು. ಇಳಿಯುತ್ತ ಸೇರಿದರೆ ಕೆಳಗಿರುವವರ ತಲೆಯ ಮೇಲೆ ಕೂರುತ್ತೀರಿ. ಆಚೆ ಬದಿಯಿಂದ ಬರುವುದಾದರೆ ಪ್ಯಾಟರ್ನ್‌ಗಿಂತ ಕನಿಷ್ಠ 500 ಅಡಿ ಮೇಲೆ ರನ್‌ವೇ ದಾಟಿ, ದೂರ ಹೋಗಿ, ತಿರುಗಿ ಬಂದು ಸೇರಿ. ಆದರೆ ಟರ್ಬೈನ್ ಎಂಜಿನ್ನಿನ, ದೊಡ್ಡ ವಿಮಾನಗಳ ಪ್ಯಾಟರ್ನ್ ಇರುವುದು 1,500 ಅಡಿಯಲ್ಲಿ. ಅವು ಓಡಾಡುವ ಕಡೆ 2,000 ಅಡಿಯಲ್ಲಿ ದಾಟುವುದು ಲೇಸು. ಈ ಚೌಕಟ್ಟಿನ ಲಾಭ ಇಷ್ಟೆ: ರೇಡಿಯೋ ಇಲ್ಲದವರೂ, ನಿಮ್ಮ ಉಚ್ಚಾರಣೆ ಅರ್ಥವಾಗದವರೂ ನಿಮ್ಮನ್ನು ಎಲ್ಲಿ ಹುಡುಕಬೇಕೆಂದು ಬಲ್ಲರು.

ಈಗ ನನ್ನ ಮುಖ್ಯ ಮಾತು, ಪ್ಯಾಟರ್ನ್‌ನಲ್ಲಿ ಈಗಾಗಲೇ ಇರುವವರಿಗೆ. ವಾಟ್ಸನ್‌ವಿಲ್‌ನಲ್ಲಿ ಸತ್ತವರ ಮೇಲೆ ತಪ್ಪು ಹೊರಿಸುವ ಉದ್ದೇಶ ನನಗಿಲ್ಲ. 152ರ ಪೈಲಟ್ ಗೋ-ಅರೌಂಡ್ ಎಂದದ್ದು ನಿಮಗೆ ಕಲಿಸಿದಂತೆಯೇ. ಆದರೆ ಫೈನಲ್‌ನಲ್ಲಿ ಗೋ-ಅರೌಂಡ್ ಮಾಡುವವರು ಅದೇ ಗೆರೆಯ ಮೇಲೆ, ಹಿಂದಿನಿಂದ ಬರುವವರ ಮುಂದೆಯೇ, ನಿಧಾನವಾಗಿ ಮೇಲೇರುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ತೀರ್ಮಾನ ಆಗಬೇಕಾದದ್ದು ಡೌನ್‌ವಿಂಡ್‌ನಲ್ಲಿ. ಯಾರೋ ನೇರ ಬರುತ್ತಿದ್ದಾರೆಂದು ಕೇಳಿದಿರಾ, ಅವರನ್ನು ಕಣ್ಣಾರೆ ಕಂಡು, ಅವರು ನಿಮ್ಮನ್ನು ದಾಟುವವರೆಗೆ ಬೇಸ್‌ಗೆ ತಿರುಗಬೇಡಿ. ಡೌನ್‌ವಿಂಡನ್ನು ಮುಂದುವರಿಸುತ್ತಿದ್ದೇನೆ ಎಂದು ಹೇಳಿ ಮುಂದೆ ಹೋಗಿ. ಕಾಣಲೇ ಇಲ್ಲವೇ, ಪ್ಯಾಟರ್ನ್ ಬಿಟ್ಟು ಆಚೆ ಹೋಗಿ ಮತ್ತೆ ಬನ್ನಿ. ಡೌನ್‌ವಿಂಡ್‌ನಲ್ಲೇ ಒಂದು ಸುತ್ತು ಹಾಕಿ ಹೊತ್ತು ಕಳೆಯುವುದು ಮಾತ್ರ ಬೇಡ. ಹಿಂದಿರುವವರಿಗೆ ಎದುರಾಗಿ ತಿರುಗುತ್ತೀರಿ. ಫೈನಲ್‌ನಲ್ಲಿ ಗೋ-ಅರೌಂಡ್ ಮಾಡಲೇಬೇಕಾಗಿ ಬಂದರೆ ಪ್ಯಾಟರ್ನ್‌ನ ಆಚೆ ಬದಿಗೆ ಸರಿದು, ರನ್‌ವೇ ಕಾಣುವಂತೆ ಅದರ ಪಕ್ಕದಲ್ಲಿ ಏರಿ.

ಇನ್ನು, ನಿಮ್ಮಲ್ಲಿ ಸ್ಟಾಕ್ ಮಾರಿ ಸಿರಸ್ ವಿಮಾನ ಕೊಂಡವರು, ಇನ್‌ಸ್ಟ್ರುಮೆಂಟ್ ರೇಟಿಂಗ್ ಮುಗಿಸಿದವರು ಇದ್ದೀರಲ್ಲ, ನಿಮಗೆ. ನೇರ ಬರುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಕರಾವಳಿಯ ಮೋಡ ಕವಿದ ಬೆಳಗಿನಲ್ಲಿ ಬೇರೆ ದಾರಿಯೂ ಇರುವುದಿಲ್ಲ. ಆದರೆ ಮೋಡ ಕರಗಿ ಬಿಸಿಲು ಬಿದ್ದ ಮಧ್ಯಾಹ್ನ, ಪ್ಯಾಟರ್ನ್‌ನಲ್ಲಿ ಎರಡು ಮೂರು ತರಬೇತಿ ವಿಮಾನಗಳ ದನಿ ಕೇಳುತ್ತಿರುವಾಗ, ನೇರ ಬರುವ ಹಟ ಯಾಕೆ? ಡೌನ್‌ವಿಂಡ್ ಸೇರಿ ಬಂದರೆ ತಡವಾಗುವುದು ನಾಲ್ಕೈದು ನಿಮಿಷ. ಬರಲೇಬೇಕೆಂದರೆ ಐದು ಮೈಲಿ ಇರುವಾಗಲೇ ಇಳಿಯುವ ವೇಗಕ್ಕೆ ಬನ್ನಿ, ಬೇಸ್‌ನಲ್ಲಿ ಯಾರೋ ಇದ್ದಾರೆಂದು ಕೇಳಿ ಅವರು ಕಾಣದಿದ್ದರೆ ಹುಡುಕುತ್ತ ಮುಂದೆ ಬರಬೇಡಿ. ಪಕ್ಕಕ್ಕೆ ತಿರುಗಿ, ಆಚೆ ಹೋಗಿ.

ಟವರ್ ಇದ್ದಿದ್ದರೆ ಇದೆಲ್ಲ ಬೇಕಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇಲ್ಲ. ವಾಟ್ಸನ್‌ವಿಲ್‌ಗೆ ಒಂದು ತಿಂಗಳು ಮುಂಚೆ, 2022ರ ಜುಲೈ 17ರಂದು, ಟವರ್ ಇರುವ ನಾರ್ತ್ ಲಾಸ್ ವೇಗಸ್‌ನಲ್ಲಿ ಒಂದು ಪೈಪರ್ ತನ್ನ ರನ್‌ವೇಯ ನೇರ ದಾಟಿ ಪಕ್ಕದ ರನ್‌ವೇಗೆ ಇಳಿಯುತ್ತಿದ್ದ ಸೆಸ್ನಾಕ್ಕೆ ಬಡಿದು ನಾಲ್ವರು ಸತ್ತರು. ಹಾಗಾಗಿ ವಾಟ್ಸನ್‌ವಿಲ್‌ಗಾಗಿ ರೂಢಿಸಿಕೊಂಡ ಕಣ್ಣು ಪಾಲೊ ಆಲ್ಟೊದಲ್ಲೂ ವ್ಯರ್ಥವಾಗುವುದಿಲ್ಲ.

ಟವರ್ ಇಲ್ಲದ ಕಡೆಗೆ ಇನ್ನೂ ಒಮ್ಮೆಯೂ ಹೋಗದವರು ಮೊದಲ ಸಲ ಶನಿವಾರ ಹೋಗಬೇಡಿ, ಜಾತ್ರೆ ಇರುತ್ತದೆ. ವಾರದ ನಡುವೆ ಅರ್ಧ ದಿನ ರಜೆ ಹಾಕಿ, ನಿಮ್ಮ ಇನ್‌ಸ್ಟ್ರಕ್ಟರ್ ಜತೆಗೆ ಹೋಗಿ. ಹೊರಡುವ ಮುಂಚೆ ಎಡ ಪ್ಯಾಟರ್ನೋ ಬಲವೋ ನೋಡಿಕೊಳ್ಳಿ. ಜತೆಗೆ ಯಾರೂ ಸಿಗದಿದ್ದರೆ ನನ್ನನ್ನು ಕರೆಯಿರಿ, ಬರುತ್ತೇನೆ. ಬೈಗುಳ ಕನ್ನಡದಲ್ಲೇ ಇರುತ್ತದೆ, ರೇಡಿಯೋದಲ್ಲಿ ಮಾತ್ರ ಇಂಗ್ಲಿಷ್.

ಇಂತಿ,
ಬಲಗಡೆ ಸೀಟಿನಿಂದ ನಿಮ್ಮವನೇ ಆದ ಒಬ್ಬ ಹಾರಾಟದ ಮೇಷ್ಟ್ರು